ಟ್ರಂಕಿನೊಳಗಿನ ಎಚ್‌ಎಂಟಿಯಿಂದ ಕ್ರೊನೋಗ್ರಾಫ್‌ವರೆಗೆ

ಸೊರಬ, ಶಿಕಾರಿಪುರ ಸೀಮೆಯ ಹಳೆಯ ಮನೆಗಳಲ್ಲಿ ಟ್ರಂಕು ತೆಗೆದರೆ ಪಹಣಿ, ಕರಾರು ಪತ್ರ, ಬೆಳ್ಳಿಯ ಕುಂಕುಮ ಭರಣಿಗಳ ನಡುವೆ ಒಂದು ಕೈಗಡಿಯಾರ ಸಿಗುವುದು ಅಪರೂಪವೇನಲ್ಲ. ಬೆಲ್ಟು ಒಣಗಿ ತುಂಡಾಗಿರುತ್ತದೆ, ಗಾಜಿನ ತುಂಬ ಗೀರು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟದ್ದೋ, ಮೇಷ್ಟ್ರು ನಿವೃತ್ತರಾದ ದಿನ ಶಾಲೆಯವರು ಕಟ್ಟಿದ್ದೋ, ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಶಿವಮೊಗ್ಗದಿಂದ ತಂದದ್ದೋ ಆಗಿರುತ್ತದೆ. ಡಯಲ್ ಮೇಲೆ ಹೆಚ್ಚಾಗಿ ಕಾಣುವ ಹೆಸರು ಎಚ್‌ಎಂಟಿ. ನಿಂತುಹೋದ ವಾಚು ಎಂದು ಅದನ್ನು ಮಕ್ಕಳ ಕೈಗೆ ಆಟಕ್ಕೆ ಕೊಟ್ಟವರಿದ್ದಾರೆ. ದಯವಿಟ್ಟು ಕೊಡಬೇಡಿ. ಎಷ್ಟೋ ಸಲ ಅದರ ಯಂತ್ರ ಕೆಟ್ಟಿರುವುದೇ ಇಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೇ.

ಹಳೆಯ ಕೈಗಡಿಯಾರಗಳ ಸಂಗ್ರಹ ಎಂದ ಕೂಡಲೇ ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಕ್ರೊನೋಗ್ರಾಫ್‌ಗಳು, ವಿದೇಶದ ಹರಾಜುಗಳು ಕಣ್ಣ ಮುಂದೆ ಬರುತ್ತವೆ. ಆ ಲೋಕದ ಮೇಲೆ ನನಗೂ ತೀರದ ಮೋಹವಿದೆ, ಅದರ ವಿಚಾರ ಮುಂದೆ ಬರುತ್ತದೆ. ಆದರೆ ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಕೈಹಾಕುವವರು ಮೊದಲು ಅರಿಯಬೇಕಾದದ್ದು ನಮ್ಮದೇ ನೆಲದಲ್ಲಿ ತಯಾರಾದ ಕೀಲಿ ವಾಚನ್ನು. ಕಣ್ಣು ಪಳಗುವುದು ಅದರಲ್ಲೇ.

ಎಚ್‌ಎಂಟಿ, ಅಂದರೆ ಹಿಂದೂಸ್ತಾನ್ ಮಷೀನ್ ಟೂಲ್ಸ್ ಕಂಪನಿ, 1953ರಲ್ಲಿ ಹುಟ್ಟಿದ್ದು ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ತಯಾರಿಸಲಿಕ್ಕೆ. ಗಡಿಯಾರದ ಕಾರ್ಖಾನೆ ಶುರುವಾದದ್ದು 1961ರಲ್ಲಿ, ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ಮೊದಲ ತಂಡದ ಕೈಗಡಿಯಾರಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಅದಕ್ಕೂ ಮೊದಲು ನಮ್ಮಲ್ಲಿ ಒಳ್ಳೆಯ ವಾಚೆಂದರೆ ಬೊಂಬಾಯಿಯ ಮೂಲಕ ಬರುತ್ತಿದ್ದ ವೆಸ್ಟ್ ಎಂಡ್, ಫಾವ್ರ್ ಲೂಬಾದಂಥ ಸ್ವಿಸ್ ಹೆಸರುಗಳು. ಉಳ್ಳವರ ಸೊತ್ತಾಗಿದ್ದ ವಾಚನ್ನು ಜನತಾ ಎಂಬ ಹೆಸರಿಟ್ಟು ಎಲ್ಲರ ಮಣಿಕಟ್ಟಿಗೆ ತಂದದ್ದು ಎಚ್‌ಎಂಟಿ. ಪೈಲಟ್, ಜವಾನ್, ಕೋಹಿನೂರ್, ಸೋನಾ, ಕಾಂಚನ್ ಹೀಗೆ ಮಾದರಿಗಳು ಬೆಳೆದವು. ಕಣ್ಣು ಕಾಣದವರಿಗಾಗಿ ಗಾಜಿನ ಮುಚ್ಚಳ ತೆರೆದು ಬೆರಳಿನಿಂದ ಮುಳ್ಳು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಆ ಕಂಪನಿ ಮಾಡಿತು. ನನ್ನ ಮಟ್ಟಿಗೆ ಎಚ್‌ಎಂಟಿ ಮಾಡಿದ ಅತಿ ದೊಡ್ಡ ಕೆಲಸ ಅದೇ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. 1983ರಲ್ಲಿ ಲಾಲ್‌ಬಾಗಿನ ಎಚ್‌ಎಂಟಿ ಹೂವಿನ ಗಡಿಯಾರ ಬಂತು.

ಆಮೇಲಿನ ಕತೆ ಎಲ್ಲರಿಗೂ ಗೊತ್ತಿದೆ. 1987ರ ಹೊತ್ತಿಗೆ ಹೊಸೂರಿನ ಟೈಟಾನ್ ಕಂಪನಿಯ, ಬ್ಯಾಟರಿಯಿಂದ ಓಡುವ ಕ್ವಾರ್ಟ್ಸ್ ವಾಚುಗಳು ಮಾರುಕಟ್ಟೆಗೆ ಬಂದವು. ದಿನಾ ಕೀಲಿ ಕೊಡುವ ಕೆಲಸ ತಪ್ಪಿತು, ಜನ ಅತ್ತ ವಾಲಿದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಆದರೆ ಈ ವಾಚುಗಳ ಹುಡುಕಾಟ ಜೋರಾದದ್ದು ಕಾರ್ಖಾನೆ ಮುಚ್ಚುವ ಸುದ್ದಿ ಹಬ್ಬಿದ ಮೇಲೆಯೇ. ಅಂಗಡಿಗಳಲ್ಲಿ ಉಳಿದ ದಾಸ್ತಾನನ್ನು ಜನ ಕಾದು ಕೊಂಡರು. ಇಂದು ಬೆಂಗಳೂರಿನಲ್ಲಿ ಎಚ್‌ಎಂಟಿಯನ್ನೇ ನೂರಾರು ಸಂಖ್ಯೆಯಲ್ಲಿ ಕೂಡಿಟ್ಟವರಿದ್ದಾರೆ. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಪರಂಪರೆ ಕೇಂದ್ರ ಮತ್ತು ವಸ್ತುಸಂಗ್ರಹಾಲಯಕ್ಕೆ ಹೋದರೆ ಟ್ರ್ಯಾಕ್ಟರ್, ಲೇತುಗಳ ಜೊತೆಗೆ ಈ ವಾಚುಗಳ ವಂಶಾವಳಿಯನ್ನು ಒಂದೇ ಕಡೆ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ.

ಈಗ ಟ್ರಂಕಿನ ವಾಚಿಗೆ ಬರೋಣ. ತಿಳಿದ ರಿಪೇರಿಯವರ ಹತ್ತಿರ ಹಿಂಬದಿ ಮುಚ್ಚಳ ತೆಗೆಸಿ, ಕಣ್ಣಿಗೆ ಭೂತಗಾಜು ಇಟ್ಟು ನೋಡಿದರೆ ಮೊದಲು ಕಾಣುವುದು ಬ್ಯಾಲೆನ್ಸ್ ಚಕ್ರ. ಅದರ ನಡುವೆ ಕೂದಲಿಗಿಂತ ತೆಳುವಾದ ಸುರುಳಿ. ಕೀಲಿ ಕೊಟ್ಟಾಗ ಚಕ್ರ ಅತ್ತಿಂದಿತ್ತ ತೂಗುತ್ತದೆ, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಸವೆಯಬಾರದ ಜಾಗಗಳಲ್ಲಿ ಕೆಂಪಗೆ ಹೊಳೆಯುವ ಸಣ್ಣ ಕಲ್ಲುಗಳು ಕೂತಿರುತ್ತವೆ. ಜನತಾ, ಪೈಲಟ್‌ಗಳಲ್ಲಿ ಅಂಥವು 17. ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಬೇಕಾದ ಜಾಗಕ್ಕೆ ಮಾತ್ರ ಸೂಜಿಮೊನೆಯಷ್ಟು ಎಣ್ಣೆ ಬಿಟ್ಟು ಮತ್ತೆ ಜೋಡಿಸುವುದಕ್ಕೆ ಸರ್ವಿಸ್ ಎನ್ನುತ್ತಾರೆ. ಹಾಗೆ ಮಾಡಿಸಿದ ಎಚ್‌ಎಂಟಿ ಇನ್ನೂ ಎಷ್ಟೋ ವರ್ಷ ಓಡುತ್ತದೆ. ಬಿಡಿಭಾಗ ಬೇಕಾದರೆ ಇನ್ನೊಂದು ಹಳೆಯ ಎಚ್‌ಎಂಟಿಯಿಂದ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಡಯಲ್ ಮಾಸಿದೆ ಎಂದು ಹೊಸದಾಗಿ ಬಣ್ಣ ಹೊಡೆಸಬೇಡಿ. ಇದಕ್ಕೆ ರೀಡಯಲ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಹಳೆಯ ವಾಚುಗಳ ಮಾನ ಕಳೆದದ್ದೇ ಈ ಕೆಲಸ. ಮೂಲದಲ್ಲಿ ಎಂದೂ ಇರದ ಕಡುಗೆಂಪು, ಗಿಳಿಹಸಿರು, ಕಿತ್ತಳೆ ಬಣ್ಣದ ಡಯಲ್‌ಗಳನ್ನು ಹಾಕಿ, ಹತ್ತು ವಾಚುಗಳ ಭಾಗ ಸೇರಿಸಿ ಒಂದು ಮಾಡಿ ಮಾರುವ ದಂಧೆ ದೊಡ್ಡದಿದೆ. ದೇಶವಿದೇಶದ ಸಂಗ್ರಾಹಕರು ಅಂಥವನ್ನು ಮುಂಬೈ ಸ್ಪೆಷಲ್ ಎಂದೇ ಕರೆಯುತ್ತಾರೆ. ಭೂತಗಾಜಿನಲ್ಲಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಕಾರ್ಖಾನೆಯ ಅಕ್ಷರದ ಅಂಚು ಚೊಕ್ಕವಾಗಿರುತ್ತದೆ, ಮತ್ತೆ ಬರೆದದ್ದು ಹಿಂಜಿಕೊಂಡಿರುತ್ತದೆ. ನಿಮಿಷದ ಗೆರೆಗಳು ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಅಜ್ಜನ ಬೆವರು, ಮಲೆನಾಡಿನ ಮಳೆಗಾಲದ ತೇವ ಸೇರಿ ಹಳದಿಗಟ್ಟಿದ ಡಯಲ್ ಇದ್ದರೆ ಅದು ಹಾಗೆಯೇ ಇರಲಿ. ಹಿಂಬದಿಯಲ್ಲಿ ಕೆತ್ತಿಸಿದ ಹೆಸರು, ತಾರೀಕುಗಳನ್ನೂ ಉಜ್ಜಿ ಅಳಿಸಬೇಡಿ.

ಇನ್ನು ಕ್ರೊನೋಗ್ರಾಫ್. ಹೊತ್ತು ತೋರಿಸುವುದರ ಜೊತೆಗೆ ಸ್ಟಾಪ್‌ವಾಚಿನ ಕೆಲಸವನ್ನೂ ಮಾಡುವ ಕೈಗಡಿಯಾರ ಇದು. ಕೀಲಿ ತಿರುಗಿಸುವ ಗುಂಡಿಯ ಮೇಲೊಂದು ಕೆಳಗೊಂದು ಒತ್ತುಗುಂಡಿ. ಡಯಲ್ ಒಳಗೆ ಎರಡು ಮೂರು ಚಿಕ್ಕ ಡಯಲ್‌ಗಳು. ಮೇಲಿನದನ್ನು ಒತ್ತಿದರೆ ನಡುವಿನ ಉದ್ದ ಮುಳ್ಳು ಓಡತೊಡಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಥಟ್ಟನೆ ಸೊನ್ನೆಗೆ ಮರಳುತ್ತದೆ.

ಸೆಕೆಂಡನ್ನೂ ಒಡೆದು ನೋಡುವ ಈ ಅವಸರ ಎಷ್ಟು ಈಚಿನದು ಎಂಬುದು ಕುಬಟೂರಿನಲ್ಲಿ ನಿಂತಾಗ ಚೆನ್ನಾಗಿ ತಿಳಿಯುತ್ತದೆ. ಆನವಟ್ಟಿಯ ಪಕ್ಕದ ಈ ಊರಿನ ಕೈಟಭೇಶ್ವರ ದೇವಾಲಯಕ್ಕೆ ಸುಮಾರು 900 ವರ್ಷ. ಈ ಭಾಗದ ದಾನಶಾಸನಗಳು ಸಂವತ್ಸರ, ಮಾಸ, ತಿಥಿ, ವಾರಗಳನ್ನು ತಪ್ಪದೆ ಹೇಳುತ್ತವೆ. ಗ್ರಹಣವೋ ಸಂಕ್ರಮಣವೋ ಇದ್ದರೆ ಅದನ್ನೂ ಬರೆಸುತ್ತಿದ್ದರು. ಪಂಚಾಂಗದ ಲೆಕ್ಕದಲ್ಲಿ ಹಗಲುರಾತ್ರಿ ಸೇರಿ 60 ಘಳಿಗೆ, ಒಂದು ಘಳಿಗೆಗೆ 24 ನಿಮಿಷ, ಅದರ ಅರವತ್ತನೆಯ ಒಂದು ಪಾಲಾದ ವಿಘಳಿಗೆಗೆ 24 ಸೆಕೆಂಡು. ಸೆಕೆಂಡಿಗೆ ಐದು ಬಡಿತದ ಸಾಮಾನ್ಯ ಕ್ರೊನೋಗ್ರಾಫ್ ಆ ಒಂದು ವಿಘಳಿಗೆಯನ್ನು 120 ತುಂಡು ಮಾಡುತ್ತದೆ.

ಅಷ್ಟು ಸೂಕ್ಷ್ಮ ಯಾರಿಗೆ ಬೇಕಿತ್ತು? ಪ್ಯಾರಿಸ್ಸಿನ ಗಡಿಯಾರ ತಯಾರಕ ಲೂಯಿ ಮೊಯಿನೆ 1816ರಲ್ಲಿ ಇಂಥದ್ದನ್ನು ಮುಗಿಸಿದ್ದು ನಕ್ಷತ್ರಗಳ ಚಲನೆ ಅಳೆಯಲಿಕ್ಕೆ. ನಿಕೊಲಾ ರಿಯುಸೆಕ್ 1821ರಲ್ಲಿ ಕುದುರೆ ಜೂಜಿಗಾಗಿ, ಡಯಲ್ ಮೇಲೆ ಶಾಯಿಯ ಚುಕ್ಕೆ ಇಡುವ ಯಂತ್ರ ತೋರಿಸಿದ. ಮುಂದೆ ವೈದ್ಯರು, ಫಿರಂಗಿ ಪಡೆಯವರು, ವಿಮಾನ ಹಾರಿಸುವವರು, ಕಾರ್ ರೇಸಿನವರು ಒಬ್ಬೊಬ್ಬರೂ ತಮಗೆ ಬೇಕಾದ ಅಳತೆಪಟ್ಟಿಯನ್ನು ಡಯಲ್ ಅಂಚಿಗೆ ಬರೆಸಿಕೊಂಡರು. ಹಳೆಯ ಕ್ರೊನೋಗ್ರಾಫ್‌ನ ಸೊಗಸಿರುವುದು ಈ ಪಟ್ಟಿಗಳಲ್ಲಿ. ವೇಗದ ಪಟ್ಟಿ ಇದ್ದರೆ, ಶಿರಾಳಕೊಪ್ಪದಿಂದ ಆನವಟ್ಟಿಗೆ ಹೊರಟ ಬಸ್ಸಿನಲ್ಲಿ ಒಂದು ಕಿಲೋಮೀಟರ್ ಕಲ್ಲು ದಾಟುವಾಗ ಗುಂಡಿ ಒತ್ತಿ, ಮುಂದಿನ ಕಲ್ಲಿಗೆ ನಿಲ್ಲಿಸಿ. ಮುಳ್ಳು 45 ಸೆಕೆಂಡಿನಲ್ಲಿ ನಿಂತಿದ್ದರೆ ಅದರ ತುದಿಯಲ್ಲಿ 80 ಎಂದು ಕಾಣುತ್ತದೆ, ಗಂಟೆಗೆ 80 ಕಿಲೋಮೀಟರ್. ನಾಡಿಯ ಪಟ್ಟಿ ಇದ್ದರೆ ವೈದ್ಯರು ಒಂದು ನಿಮಿಷ ಪೂರ್ತಿ ಎಣಿಸಬೇಕಿಲ್ಲ. ಪಟ್ಟಿಯಲ್ಲಿ ಹೇಳಿದಷ್ಟು ಬಡಿತ ಎಣಿಸಿ ನಿಲ್ಲಿಸಿದರೆ ನಿಮಿಷದ ಲೆಕ್ಕ ಡಯಲ್ ಮೇಲೆಯೇ ಸಿಗುತ್ತದೆ.

ನನಗೆ ಅತಿ ಪ್ರಿಯವಾದದ್ದು ದೂರದ ಪಟ್ಟಿ, ಟೆಲಿಮೀಟರ್. ಶತ್ರುವಿನ ಫಿರಂಗಿಯ ಬೆಂಕಿ ಕಂಡಾಗ ಒತ್ತಿ, ಸದ್ದು ಕೇಳಿದಾಗ ನಿಲ್ಲಿಸಿದರೆ ಅದೆಷ್ಟು ದೂರದಲ್ಲಿದೆ ಎಂದು ಹೇಳುವ ಪಟ್ಟಿ ಇದು. ಯುದ್ಧಕ್ಕೆಂದು ಬಂದ ಈ ಅಳತೆ ಭರಣಿ, ಕೃತ್ತಿಕೆ ಮಳೆಯ ಗುಡುಗು ಸಿಡಿಲಿಗೂ ಅಷ್ಟೇ ಸರಿಹೊಂದುತ್ತದೆ. ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡ ಒಂಬತ್ತು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಬಡಿದದ್ದು ಮೂರು ಕಿಲೋಮೀಟರ್ ಆಚೆ; ಗದ್ದೆಯಲ್ಲಿದ್ದವರು ಅಷ್ಟು ಹೊತ್ತಿಗೆ ಮನೆ ಸೇರಿರಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಬಯಲಲ್ಲಿ ನಿಲ್ಲಬಾರದು ಎಂಬುದು ತಿಳಿದವರ ಮಾತು. ಮೇ ತಿಂಗಳ ಸಂಜೆ ಜಗಲಿಯಲ್ಲಿ ಕೂತು ಟೆಲಿಮೀಟರಿನಲ್ಲಿ ಮಳೆ ಹತ್ತಿರವಾಗುವುದನ್ನು ಅಳೆಯುವ ಸುಖವನ್ನು ಯಾವ ಮೊಬೈಲೂ ನನಗೆ ಕೊಟ್ಟಿಲ್ಲ.

ಯಂತ್ರದೊಳಗೆ ಒಂದು ಭಾಗವನ್ನಂತೂ ನೋಡಲೇಬೇಕು: ಹೃದಯದಾಕಾರದ ಒಂದು ಪುಟ್ಟ ಉಕ್ಕಿನ ಬಿಲ್ಲೆ. ಓಡುವ ಮುಳ್ಳಿನ ಅಚ್ಚಿಗೆ ಅದನ್ನು ಕೂರಿಸಿರುತ್ತಾರೆ. ಸೊನ್ನೆಯ ಗುಂಡಿ ಒತ್ತಿದೊಡನೆ ಒಂದು ಸುತ್ತಿಗೆ ಆ ಬಿಲ್ಲೆಯ ಅಂಚಿಗೆ ಬಂದು ಬಡಿಯುತ್ತದೆ. ಮುಳ್ಳು ಎಲ್ಲಿಯೇ ನಿಂತಿರಲಿ, ಹೃದಯದ ಇಳಿಜಾರಿನಲ್ಲಿ ಸುತ್ತಿಗೆ ಜಾರಿ ಅದರ ತಗ್ಗಿಗೆ ಬಂದು ಕೂರುತ್ತದೆ. ಆ ತಗ್ಗೇ ಸೊನ್ನೆ. ಗಡಿಯಾರ ತಯಾರಕ ಆಡಾಲ್ಫ್ ನಿಕೋಲ್ 1844ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಇವತ್ತಿಗೂ ಹೊಸ ಕೀಲಿ ಕ್ರೊನೋಗ್ರಾಫ್‌ಗಳು ಇದನ್ನೇ ನಂಬಿವೆ. ಎರಡು ಒತ್ತುಗುಂಡಿಯ ಈಗಿನ ರೂಪ ಬ್ರೈಟ್ಲಿಂಗ್ ಕಂಪನಿಯಿಂದ 1934ರಲ್ಲಿ ಬಂತು.

ಒಮೆಗಾ ಸ್ಪೀಡ್‌ಮಾಸ್ಟರ್ ಚಂದ್ರನ ಮೇಲೆ ಹೋದದ್ದು ಎಲ್ಲರೂ ಕೇಳಿದ ಸಂಗತಿ. ಅದಕ್ಕಿಂತ ದೊಡ್ಡದು 1970ರ ಏಪ್ರಿಲ್‌ನ ಅಪೊಲೊ 13ರದ್ದು. ನೌಕೆ ಕೆಟ್ಟು, ವಿದ್ಯುತ್ ಉಳಿಸಲು ಉಪಕರಣಗಳನ್ನೆಲ್ಲ ಆರಿಸಿದ್ದಾಗ, ದಾರಿ ಸರಿಪಡಿಸಲು ಎಂಜಿನ್ನನ್ನು 14 ಸೆಕೆಂಡು ಉರಿಸಬೇಕಿತ್ತು. ಆ ಸೆಕೆಂಡುಗಳನ್ನು ಅಳೆದದ್ದು ಗಗನಯಾತ್ರಿ ಜ್ಯಾಕ್ ಸ್ವೈಗರ್ಟ್ ಕೈಯ ಸ್ಪೀಡ್‌ಮಾಸ್ಟರ್. ಮನುಷ್ಯ ಚಂದ್ರನ ಮೇಲೆ ಇಳಿದ 1969ರಲ್ಲಿಯೇ ಜೆನಿತ್, ಹೋಯರ್ ಮತ್ತು ಬ್ರೈಟ್ಲಿಂಗ್ ಕೂಟ, ಜಪಾನಿನ ಸೀಕೊ ಮೂವರೂ ಪೈಪೋಟಿಯಲ್ಲಿ ತಾನಾಗಿ ಕೀಲಿ ಏರುವ ಕ್ರೊನೋಗ್ರಾಫ್ ಹೊರತಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೀಕೊ ಕ್ವಾರ್ಟ್ಸ್ ವಾಚನ್ನೂ ಮಾರಾಟಕ್ಕೆ ಇಟ್ಟಿತು, ಕೀಲಿ ವಾಚಿನ ಕಂಪನಿಗಳ ಬುಡ ಅಲುಗಿತು. 1975ರಲ್ಲಿ ಜೆನಿತ್ ಮಾಲೀಕರು ಆ ಕ್ರೊನೋಗ್ರಾಫ್ ಯಂತ್ರದ ಅಚ್ಚು, ಸಲಕರಣೆಗಳನ್ನು ಮೂಲೆಗೆ ಹಾಕಲು ಹೇಳಿದಾಗ ಶಾರ್ಲ್ ವೆರ್ಮೊ ಎಂಬ ಕೆಲಸಗಾರ ಅವನ್ನು ಒಂದೊಂದಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟ. ಮುಂದಿನ ದಶಕದಲ್ಲಿ ಆ ಯಂತ್ರಕ್ಕೆ ಮತ್ತೆ ಬೇಡಿಕೆ ಬಂದಾಗ ಅಟ್ಟದಿಂದ ಇಳಿಸಿ ಕೆಲಸ ಶುರುಮಾಡಿದರು. ಎಚ್‌ಎಂಟಿಯ ಅಚ್ಚು, ಸಲಕರಣೆಗಳಿಗೆ ಅಂಥ ಒಬ್ಬ ಕಾವಲುಗಾರ ಸಿಕ್ಕಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

2017ರ ಅಕ್ಟೋಬರ್‌ನಲ್ಲಿ ನಟ ಪಾಲ್ ನ್ಯೂಮನ್ ಕಟ್ಟಿದ್ದ ರೋಲೆಕ್ಸ್ ಡೇಟೋನ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 1.78 ಕೋಟಿ ಡಾಲರಿಗೆ ಹೋಯಿತು. ಆ ಸುದ್ದಿ ಓದಿ ಈ ಹವ್ಯಾಸಕ್ಕೆ ಇಳಿಯುವುದು ಬೇಡ. ಕ್ರೊನೋಗ್ರಾಫ್ ಕೊಳ್ಳಲೇಬೇಕು ಅನ್ನುವವರು ಹಳೆಯ ಸೀಕೊಗಳನ್ನು ನೋಡಬಹುದು. ಚೀನಾದ ಟಿಯಾಂಜಿನ್ ಕಾರ್ಖಾನೆ 1960ರ ದಶಕದಲ್ಲಿ ಆ ದೇಶದ ವಾಯುಪಡೆಗಾಗಿ ಸ್ವಿಸ್ ವೀನಸ್ 175 ಯಂತ್ರದ ಆಧಾರದ ಮೇಲೆ ಮಾಡಿದ ವಾಚಿನ ವಂಶದ ಹೊಸ ಕೈಕೀಲಿ ಕ್ರೊನೋಗ್ರಾಫ್‌ಗಳೂ ಸ್ವಿಸ್ ಬೆಲೆಗಿಂತ ಎಷ್ಟೋ ಅಗ್ಗಕ್ಕೆ ದೊರೆಯುತ್ತವೆ.

ಹಳೆಯದನ್ನು ಕೊಳ್ಳುವ ಮುನ್ನ ಒಳಗಿನ ಯಂತ್ರದ ಚಿತ್ರ ಕೇಳಿ. ಕೊಡಲು ಹಿಂಜರಿದರೆ ಬಿಟ್ಟುಬಿಡಿ. ಗುಂಡಿ ಒತ್ತಿದಾಗ ಮುಳ್ಳು ತಡವರಿಸದೆ ಹೊರಡಬೇಕು. ಒಂದು ಸುತ್ತು ಮುಗಿದಾಗ ನಿಮಿಷದ ಚಿಕ್ಕ ಮುಳ್ಳು ಒಂದು ಮನೆ ಮುಂದೆ ಹೋಗಬೇಕು. ನಿಲ್ಲಿಸಿ ಸೊನ್ನೆಗೆ ಕಳಿಸಿದಾಗ ಹನ್ನೆರಡರ ನೇರಕ್ಕೇ ಬಂದು ನಿಲ್ಲಬೇಕು, ಒಂದು ಗೆರೆ ಅತ್ತಿತ್ತ ಆದರೂ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮುಳ್ಳು ಓಡುತ್ತಿರುವಾಗ ಸೊನ್ನೆಯ ಗುಂಡಿಯನ್ನು ಒತ್ತಬೇಡಿ. ಕ್ರೊನೋಗ್ರಾಫ್ ಬಿಚ್ಚಿ ಕಟ್ಟಬಲ್ಲ ಕೈಗಳು ಕಡಿಮೆ, ಕೂಲಿಯೂ ಹೆಚ್ಚು. ಮೊದಲು ರಿಪೇರಿಯವರನ್ನು ಹುಡುಕಿಕೊಂಡು ಆಮೇಲೆ ವಾಚು ಹುಡುಕಿ. 1960ರ ದಶಕಕ್ಕಿಂತ ಹಿಂದಿನ ವಾಚುಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿರುವುದುಂಟು. ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ, ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಂಥ ವಾಚನ್ನು ಮನೆಯಲ್ಲಿ ಬಿಚ್ಚಬೇಡಿ, ಡಯಲ್ ಕೆರೆಯಬೇಡಿ, ಪುಡಿ ಉದುರಿದ್ದರೆ ಕೊಳ್ಳಲೇಬೇಡಿ.