ಸಾಫ್ಟ್‌ವೇರ್ ಪುಕ್ಕಟೆ, ಸರಿ, ಕೆಲಸ?

“ಲಿನಕ್ಸ್ ಪುಕ್ಕಟೆ ಅಂತ ನೀವೇ ಹೇಳಿದ್ರಿ. ಮತ್ತೆ ಬಿಲ್ಲು ಯಾತಕ್ಕೆ ಸಾರ್?”

ಕೇಳಿದವರು ನಮ್ಮ ತೇನಿ ಜಿಲ್ಲೆಯ ಒಂದು ಖಾಸಗಿ ಶಾಲೆಯ ಕರೆಸ್ಪಾಂಡೆಂಟ್. ಇಲ್ಲಿ ಶಾಲೆಯ ಆಡಳಿತ ನೋಡುವವರನ್ನು ಹಾಗೆ ಕರೆಯುತ್ತಾರೆ. ನನ್ನದು ಕಂಬಂನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಮನೆಮಾತು ಕನ್ನಡ, ಅಕ್ಷರ ಕಲಿತದ್ದು ಮಾತ್ರ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ.

ಅವರ ಲ್ಯಾಬಿನಲ್ಲಿ ನಾನು ಮಾಡಿದ್ದು ಸಿಡಿ ಹಾಕಿ ತೆಗೆಯುವ ಕೆಲಸವಲ್ಲ. ಹಳೆಯ ಪ್ರಿಂಟರಿಗೆ ಡ್ರೈವರ್ ಹುಡುಕಬೇಕು, ತಮಿಳ್99 ಕೀಲಿಮಣೆ ಕೂರಿಸಬೇಕು, ಕರೆಂಟ್ ಹೋಗಿ ಕೆಟ್ಟ ಡಿಸ್ಕಿನಿಂದ ಅಂಕಪಟ್ಟಿ ಹೊರತೆಗೆಯಬೇಕು, ಟೀಚರಮ್ಮಂದಿರ ಪಕ್ಕ ಕೂತು ಲಿಬ್ರೆ ಆಫೀಸ್ ಕಲಿಸಬೇಕು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಉಳಿಯುವುದು ಲೈಸೆನ್ಸ್ ಹಣ. ಮೈಮುರಿಯುವ ಕೆಲಸ ತಪ್ಪುವುದಿಲ್ಲ. 2019ರಲ್ಲಿ ಐಬಿಎಂ ಕಂಪನಿಯು ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿಯನ್ನು ಕೊಂಡದ್ದು 3,400 ಕೋಟಿ ಡಾಲರಿಗೆ. ರೆಡ್ ಹ್ಯಾಟ್ ಮಾರುತ್ತಿದ್ದದ್ದು ಬಹುಪಾಲು ಇಂಥ ಬೆಂಬಲದ ಕೆಲಸವನ್ನೇ.

ತಮಿಳುನಾಡು 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರುಮಾಡಿತು. ಅದರಲ್ಲಿ ವಿಂಡೋಸ್ ಜೊತೆ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಕೂಡ ಇತ್ತು. ಅಂಗಡಿಗೆ ಬಂದ ಹುಡುಗರದು ಹೆಚ್ಚಾಗಿ ಒಂದೇ ಮಾತು: “ಬಾಸ್ ತೆಗೆದುಬಿಡಿ ಅಣ್ಣಾ, ಜಾಗ ಆಗಲಿ.” ತಪ್ಪು ಬಾಸ್‌ನದಲ್ಲ. ತೊಡಕಾದಾಗ ಕೇಳೋಣವೆಂದರೆ ಆ ಮಕ್ಕಳಿಗೆ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಕಂಬಂನಿಂದ ಲೋವರ್ ಕ್ಯಾಂಪ್ ದಾಟಿ ಘಾಟಿ ಹತ್ತಿದರೆ ಕುಮಳಿ, ಅಲ್ಲಿಂದ ಕೇರಳ. ಅಲ್ಲಿನ ಕಥೆ ಬೇರೆ. ಅಲ್ಲಿ 2001ರಲ್ಲಿ ಶುರುವಾದ ಶಾಲಾ ಕಂಪ್ಯೂಟರ್ ಯೋಜನೆ ಐಟಿ@ಸ್ಕೂಲ್ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೂ ಲಿನಕ್ಸ್‌ನಲ್ಲೇ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಇದರಲ್ಲೇ. 2019ರಲ್ಲಿ ಶಾಲೆಗಳ ಈ ಲಿನಕ್ಸಿನ ಹೊಸ ಆವೃತ್ತಿ ಬಂದಾಗ, ಕಂಪ್ಯೂಟರಿಗೆ ಒಂದೂವರೆ ಲಕ್ಷ ರೂಪಾಯಿಯಂತೆ 2 ಲಕ್ಷ ಕಂಪ್ಯೂಟರುಗಳಿಗೆ 3,000 ಕೋಟಿ ರೂಪಾಯಿ ಉಳಿತಾಯ ಎಂದು ಕೈಟಿನವರು ಲೆಕ್ಕ ಕೊಟ್ಟರು. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಅಷ್ಟು ಬೆಲೆ ತೆತ್ತು ಶಾಲೆಗೆ ಸಾಫ್ಟ್‌ವೇರ್ ಕೊಳ್ಳುವವರು ಯಾರು? ನನಗೆ ಮುಖ್ಯವೆನಿಸುವುದು ಅವರು ಮಾಡಿದ ಖರ್ಚು. ಸಂಬಳ ಕೊಟ್ಟು ಮಾಸ್ಟರ್ ಟ್ರೈನರುಗಳನ್ನು ಇಟ್ಟುಕೊಂಡರು, ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, 2018ರಿಂದ ‘ಲಿಟಲ್ ಕೈಟ್ಸ್’ ಕ್ಲಬ್ಬುಗಳಲ್ಲಿ ಮಕ್ಕಳನ್ನೇ ಪಳಗಿಸಿದರು.

ಒಂದೊಂದೇ ಶಾಲೆಗೆ ಅಷ್ಟೆಲ್ಲ ಆಗದು, ನಿಜ. ನಾಲ್ಕಾರು ಶಾಲೆ ಸೇರಿ ಒಬ್ಬನನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದಲ್ಲ? ಜನರೇಟರಿಗೆ, ಶಾಲಾ ವ್ಯಾನಿಗೆ ವರ್ಷಾವರ್ಷ ಹಣ ತೆಗೆದಿಡುವ ಆಡಳಿತ ಮಂಡಳಿಯವರೇ, ಈ ಜೂನ್‌ನ ಬಜೆಟ್ಟಿನಲ್ಲಿ ‘ಲ್ಯಾಬ್ ನಿರ್ವಹಣೆ’ ಎಂದು ಒಂದು ಸಾಲು ಬರೆದು, ಎದುರಿಗೆ ಮೊತ್ತವನ್ನೂ ನಮೂದಿಸಿ.