ವೈದ್ಯಕೀಯ ದಾಖಲೆಗಳ ಜೋಪಾನ

ಕಳಸ, ಹೊರನಾಡಿನ ಸದ್ಭಕ್ತರು ದೊಡ್ಡ ಕಾಯಿಲೆ ಬಂದರೆ ಚಿಕ್ಕಮಗಳೂರಿಗೋ ಮಂಗಳೂರಿಗೋ ಮಣಿಪಾಲಕ್ಕೋ ಘಟ್ಟದ ದಾರಿ ಹಿಡಿಯಬೇಕು. ಅಲ್ಲಿಯ ವೈದ್ಯರಿಗೆ ರೋಗಿಯ ಪೂರ್ವವೃತ್ತಾಂತ ತಿಳಿದಿರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಆತ ಸೇವಿಸುತ್ತಿರುವುದು ಗೊತ್ತಾಗದಿದ್ದರೆ ತುರ್ತು ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವು ಪ್ರಾಣಕ್ಕೇ ಎರವಾದೀತು.

ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಇ.ಸಿ.ಜಿ. ಕಾಗದವಂತೂ ಸಾಮಾನ್ಯವಾಗಿ ಶಾಖದಿಂದ ಮುದ್ರಿತವಾಗುವಂಥದು. ಕಾಲಕ್ರಮೇಣ ಮಾಸುತ್ತದೆ, ಬೆಚ್ಚಗಿರಲೆಂದು ಒಲೆಯ ಬಳಿ ಇಟ್ಟರೆ ಕಪ್ಪಾಗುತ್ತದೆ. ಆದ್ದರಿಂದ ಅದನ್ನೇ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ: ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ, ಹಾಳೆಯ ನಾಲ್ಕೂ ಅಂಚು ಕಾಣುವಂತೆ. ಹೆಸರಿಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ (2024-07-15) ಆರಂಭಿಸಿದರೆ ದಾಖಲೆಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಮನೆಯ ಪ್ರತಿಯೊಬ್ಬರಿಗೂ ಪ್ರತ್ಯೇಕ ಫೋಲ್ಡರ್ ಇರಲಿ.

ಕೇಂದ್ರ ಸರ್ಕಾರವು 2021ರಲ್ಲಿ ದೇಶಾದ್ಯಂತ ಆರಂಭಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಯ ‘ಆಭಾ’ ಸಂಖ್ಯೆ ದೊರೆಯುತ್ತದೆ. ಹಲವರು ತಿಳಿದಂತೆ ಇದು ಉಚಿತ ಚಿಕಿತ್ಸೆಯ ಕಾರ್ಡಲ್ಲ. ಆಸ್ಪತ್ರೆಗಳು ಜೋಡಿಸಿದ ದಾಖಲೆಗಳನ್ನು ಇದರ ಮೂಲಕ ನೋಡಬಹುದು, ಒಪ್ಪಿಗೆಯಿತ್ತು ಬೇರೆ ವೈದ್ಯರಿಗೂ ತೋರಿಸಬಹುದು.

ಕಾಡಿನ ದಾರಿಯಲ್ಲಿ ಮೊಬೈಲ್ ಸಂಪರ್ಕವನ್ನು ನಂಬಲಾಗದು. ಚಿತ್ರಗಳು ಫೋನಿನಲ್ಲಿಯೇ ಉಳಿದಿರಲಿ, ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ಈಗ ಸೇವಿಸುತ್ತಿರುವ ಔಷಧ, ಒಗ್ಗದ ಔಷಧ, ರಕ್ತದ ಗುಂಪು ಬರೆದ ಒಂದು ಚೀಟಿಯನ್ನು ಹಿರಿಯರ ಜೇಬಿನಲ್ಲಿಡಿ. ಔಷಧ ಬದಲಾದ ದಿನವೇ ಅದನ್ನೂ ಬದಲಿಸಿ.