ಅಗತ್ತಿಯ ಕಿರಿದಾದ ರನ್‌ವೇಯೂ ಸೋಲಾಪುರದ ಚಿಮಣಿಯೂ

2025ರ ಜೂನ್ 9ರಂದು ಸೋಲಾಪುರ–ಗೋವಾ ವಿಮಾನಸೇವೆ ಆರಂಭವಾದ ಮೇಲೆ ಅಕ್ಕಲಕೋಟ ಭಾಗದ ಕನ್ನಡಿಗರಿಗೆ ಲಕ್ಷದ್ವೀಪದ ದಾರಿಯೂ ಹತ್ತಿರವಾಗಿದೆ. ಗೋವಾದಿಂದ ಅಲ್ಲಿಯ ಅಗತ್ತಿ ದ್ವೀಪಕ್ಕೂ ಅದೇ ಸಂಸ್ಥೆಯ ಎಟಿಆರ್-72 ವಿಮಾನಗಳು ಹಾರಿವೆ. ಆದರೆ ಹೊರಗಿನವರಿಗೆ ಪ್ರವೇಶ ಪರವಾನಿಗೆ ಕಡ್ಡಾಯ.

ಅಗತ್ತಿಯು ಸುಮಾರು 7 ಕಿ.ಮೀ. ಉದ್ದದ, ಬಲು ಕಿರಿದಾದ ಹವಳದ್ವೀಪ. 1988ರಲ್ಲಿ ಆರಂಭವಾದ ನಿಲ್ದಾಣದ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ಇಳಿಯುವಾಗ ಎರಡೂ ಬದಿಗೆ ಕಾಣುವುದು ಕಡಲೇ. ದೊಡ್ಡ ಜೆಟ್ ವಿಮಾನಗಳಿಗೆ ಅಷ್ಟು ನೆಲ ಸಾಲದು. ಎಟಿಆರ್ ಕಡಿಮೆ ವೇಗದಲ್ಲಿ ನೆಲ ಮುಟ್ಟುತ್ತದೆ. ಬಳಿಕ ಪಂಖದ ಅಲಗುಗಳ ಕೋನ ಬದಲಿಸಿ ಗಾಳಿಯನ್ನು ಮುಂದಕ್ಕೆ ತಳ್ಳಿ ನಿಲ್ಲುತ್ತದೆ. ಭಾರ ಹೆಚ್ಚಿದಷ್ಟೂ ಹೆಚ್ಚು ರನ್‌ವೇ ಬೇಕಾಗುವುದರಿಂದ ಇಲ್ಲಿ ಹೊರೆಗೆ ಮಿತಿಯುಂಟು.

ರನ್‌ವೇ ಬೆಳೆಸಬೇಕೆಂದರೆ ಹವಳದ ದಿಬ್ಬಕ್ಕೂ ಕಡಲಿಗೂ ಕೈಹಾಕಬೇಕು. ಅವೇ ದ್ವೀಪದ ಮೀನುಗಾರರ ಬದುಕು. ಇಂಥ ಬೆಲೆಯನ್ನು ನಾವು ಬಲ್ಲೆವು. ವಿಮಾನಮಾರ್ಗಕ್ಕೆ ಅಡ್ಡಿಯೆಂದು ಸೋಲಾಪುರದ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಿದಾಗ ಕಬ್ಬು ಬೆಳೆಗಾರರೂ ಕಾರ್ಮಿಕರೂ ಕಳವಳಗೊಂಡಿದ್ದರು.

ವಿಮಾನ ಬೇಡವೆಂದು ನಾವು ಹೇಳುತ್ತಿಲ್ಲ. ತುರ್ತು ಚಿಕಿತ್ಸೆಗೆ ದ್ವೀಪವಾಸಿಗಳಿಗೆ ಅದು ಆಸರೆ. ಆದರೆ ನೆಲ, ನೀರು, ದುಡಿಮೆ ಕಳೆದುಕೊಳ್ಳಬಹುದಾದವರಿಗೆ ಯೋಜನೆಯ ವಿವರ ಅವರ ನುಡಿಯಲ್ಲೇ ಮೊದಲು ತಲುಪಬೇಕು: ಅಗತ್ತಿಯಲ್ಲಿ ಮಲಯಾಳದಲ್ಲಿ, ಇಲ್ಲಿ ಮರಾಠಿಯೊಡನೆ ಕನ್ನಡದಲ್ಲಿಯೂ.